ಯಂತ್ರದಾನವೂ ಜಾಲಸಂಪರ್ಕವೂ

ಕಾಲುವೆಯಲ್ಲಿ ನೀರು ಹರಿದ ಮಾತ್ರಕ್ಕೆ ಬೆಳೆ ಹಸಿರಾಗದು. ಹೊಲದವರೆಗೆ ಹೊಲಗಾಲುವೆಯೂ ಬೇಕು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಆಣೆಕಟ್ಟನ್ನು ಬಲ್ಲ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ, ಸಿಂದಗಿ ತಾಲೂಕುಗಳ ಜನತೆಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಶಾಲೆಗಳಿಗೆ ದಾನವಾಗಿ ಬರುವ ಲ್ಯಾಪ್‌ಟಾಪುಗಳ ವಿಷಯದಲ್ಲಿಯೂ ಇದು ಸತ್ಯ. ಯಂತ್ರವನ್ನು ಕೊಡಲು ಉದಾರಿಗಳು ಮುಂದೆ ಬರುತ್ತಾರೆ. ಅದನ್ನು ಲೋಕದೊಡನೆ ಬೆಸೆಯುವ ತಂತಿಗೆ, ತಿಂಗಳ ಶುಲ್ಕಕ್ಕೆ ಕೊಡುವವರು ವಿರಳ. ಜಾಲಸಂಪರ್ಕವಿಲ್ಲದ ಲ್ಯಾಪ್‌ಟಾಪು ತನ್ನೊಳಗೆ ತುಂಬಿದಷ್ಟನ್ನೇ ತೋರಿಸಬಲ್ಲದು.

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರವು 2011ರಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ 'ಭಾರತ್‌ನೆಟ್' ಎನಿಸಿತು. ಇದು ಹಿರಿಯ ಕಾಲುವೆ. ಪಂಚಾಯತಿಯಿಂದ ಶಾಲೆಗೆ, ಶಾಲೆಯ ಕಚೇರಿಯಿಂದ ತರಗತಿಗೆ ಇರುವ ಕೊನೆಯ ಅಂತರವನ್ನು ದಾಟಿಸುವ ಹೊಣೆ ಸಂಸ್ಥೆಯದು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ, ಸಂಪರ್ಕವಿದ್ದ ಮನೆಯ ಮಗುವಿಗೆ ಪಾಠ ತಲುಪಿತು. ಇಲ್ಲದ ಮನೆಯ ಮಗು ಹಿಂದೆ ಉಳಿಯಿತು. ಆ ಪಾಠವನ್ನು ಹಿರಿಯರು ಮರೆಯಲಾಗದು.

ಸಂಪರ್ಕಕ್ಕೆ ದಾರಿಗಳು ಎರಡು: ತಂತಿ ಮತ್ತು ನಿಸ್ತಂತು. ಒಂದು ರೌಟರ್ ತಂದು ಗೋಡೆಗೆ ತೂಗುಹಾಕಿದರೆ ಕಾರ್ಯ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ವೈ-ಫೈ ಅಲೆಗಳನ್ನು ಕೋಣೆಯ ಎಲ್ಲ ಯಂತ್ರಗಳೂ ಹಂಚಿಕೊಳ್ಳಬೇಕು. ನಲವತ್ತು ಮಕ್ಕಳು ಏಕಕಾಲಕ್ಕೆ ಪಾಠದ ಚಿತ್ರವನ್ನು ತೆರೆದರೆ ವೇಗ ಕುಗ್ಗುತ್ತದೆ. ಹಳೆಯ ಕಟ್ಟಡಗಳ ದಪ್ಪ ಕಲ್ಲುಗೋಡೆಗಳೂ ಅಲೆಗಳನ್ನು ತಡೆಯುತ್ತವೆ. 2.4 ಗಿಗಾಹರ್ಟ್ಸ್ ಅಲೆ ಹೆಚ್ಚು ದೂರ ಸಾಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ಅಲೆ ವೇಗವಾದುದು, ಗೋಡೆಯೆದುರು ಬೇಗ ಸೋಲುತ್ತದೆ.

ತಂತಿಗೆ ಈ ಚಂಚಲತೆ ಇಲ್ಲ. ಎಂಟು ಎಳೆಗಳ ಈಥರ್ನೆಟ್ ಕೇಬಲ್ 100 ಮೀಟರಿನವರೆಗೆ ನಿಶ್ಚಿಂತೆಯಿಂದ ಕೆಲಸಮಾಡುತ್ತದೆ. ತೆಳ್ಳನೆಯ ಹೊಸ ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಕಿಂಡಿ ಇಲ್ಲದಿದ್ದರೆ ಯು.ಎಸ್.ಬಿ. ಅಡಾಪ್ಟರ್ ಸಾಕು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಮಾತ್ರ ತಾಮ್ರದ ತಂತಿಯ ಬದಲು ಫೈಬರ್ ಎಳೆಯುವುದು ಲೇಸು. ಸಿಡಿಲಿನ ವಿದ್ಯುತ್ತು ತಾಮ್ರದಲ್ಲಿ ಹರಿದು ಯಂತ್ರಗಳನ್ನು ಸುಡಬಲ್ಲದು, ಗಾಜಿನ ಎಳೆಯಲ್ಲಿ ಹರಿಯದು. ಆದುದರಿಂದ ಗಣಕ ಕೊಠಡಿಯ ಮೇಜುಗಳಿಗೆ ತಂತಿ, ಶಿಕ್ಷಕರ ಕೋಣೆಗೂ ಸಭಾಂಗಣಕ್ಕೂ ವೈ-ಫೈ ಎಂಬ ವ್ಯವಸ್ಥೆಯೇ ಯುಕ್ತವಾದುದು.

ಸಂಪರ್ಕವನ್ನು ಒದಗಿಸಿದರಷ್ಟೇ ಸಾಲದು. ಅದರ ಮರ್ಮವನ್ನೂ ಕಲಿಸಬೇಕು. ವೈ-ಫೈ ಚಿಹ್ನೆ ಪೂರ್ಣ ಬೆಳಗಿದ್ದರೂ ಪುಟ ತೆರೆಯದಿರಬಹುದು. ಆ ಚಿಹ್ನೆ ರೌಟರಿನವರೆಗಿನ ದಾರಿಯನ್ನು ಮಾತ್ರ ತೋರಿಸುತ್ತದೆ, ಅದರಾಚೆಯದನ್ನಲ್ಲ. ಯಂತ್ರದ ವಿಳಾಸ 169.254 ಎಂದು ಮೊದಲಾದರೆ ರೌಟರಿನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಬೇಕು. ಆಗ ಮೊದಲು ಪರೀಕ್ಷಿಸಬೇಕಾದುದು ಶಾಲೆಯದೇ ತಂತಿಯನ್ನು, ರೌಟರನ್ನು. ಇಷ್ಟನ್ನು ಬಲ್ಲ ವಿದ್ಯಾರ್ಥಿ ದೋಷವನ್ನು ಹುಡುಕುವ ವಿಧಾನವನ್ನೇ ಕಲಿಯುತ್ತಾನೆ. ಸಣ್ಣ ದೋಷಕ್ಕೂ ಪಟ್ಟಣದ ತಂತ್ರಜ್ಞನಿಗಾಗಿ ಕಾಯುವ ಶಾಲೆಯಲ್ಲಿ ಯಂತ್ರವಿದ್ದೂ ಪಾಠ ನಿಲ್ಲುತ್ತದೆ.

ಹತ್ತು ಲ್ಯಾಪ್‌ಟಾಪುಗಳ ದಾನವನ್ನು ಸಂಕಲ್ಪಿಸಿದ ದಾನಿಗಳು ಎಂಟನ್ನು ಕೊಟ್ಟು, ಉಳಿದೆರಡರ ಬೆಲೆಯನ್ನು ಕೇಬಲ್, ಸ್ವಿಚ್, ಯು.ಪಿ.ಎಸ್. ಮತ್ತು ಶುಲ್ಕಕ್ಕೆ ಮೀಸಲಿಟ್ಟರೆ ದಾನ ಸಾರ್ಥಕವಾದೀತು. ಬೆಂಗಳೂರು, ಪುಣೆಗಳಲ್ಲಿ ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ತಾವು ಕಲಿತ ಶಾಲೆಗೆ ಬಂದು, ಮಕ್ಕಳನ್ನು ಜೊತೆಗಿಟ್ಟುಕೊಂಡೇ ಜಾಲವನ್ನು ಪರೀಕ್ಷಿಸಿದರೆ ಅದೂ ಹಿರಿದಾದ ಕಾಣಿಕೆಯೇ. ಗೋಡೆಯೊಳಗಿನ ತಂತಿಯ ಮೇಲೆ ದಾನಿಯ ಹೆಸರನ್ನು ಕೆತ್ತಲಾಗದು, ನಿಜ. ಆದರೆ ಅದರ ಫಲವನ್ನು ಮಕ್ಕಳು ಪ್ರತಿದಿನವೂ ಉಣ್ಣುವರು.