ಕುರ್ಚಿ ಒಬ್ಬರದು, ಅಧಿಕಾರ ಇನ್ನೊಬ್ಬರದು

ಸಿಂಧನೂರು ತಾಲೂಕಿನ ಸಾಲಗುಂದದಂತಹ ಊರಿನ ಸಾಮಾನ್ಯ ಗೃಹಿಣಿಯೊಬ್ಬಳು ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಬಹುದೆಂಬುದು ನಮ್ಮ ಅಜ್ಜಿಯಂದಿರು ಕನಸಿನಲ್ಲೂ ಎಣಿಸದ ಸಂಗತಿ. ಕರ್ನಾಟಕವು 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ದೇಶದಾದ್ಯಂತ ಮೂರನೇ ಒಂದು ಪಾಲು ನೀಡಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೇರಿಸಿತು.

ಆದರೆ ಆ ಕುರ್ಚಿಯಲ್ಲಿ ನಿಜವಾಗಿ ಕೂರುವವರು ಯಾರು? ಎಷ್ಟೋ ಕಡೆ ಗೆದ್ದವಳು ಅಡುಗೆಮನೆಯಲ್ಲಿರುತ್ತಾಳೆ. ಜನರು 'ಅಧ್ಯಕ್ಷರೇ' ಎಂದು ಕರೆಯುವುದು ಅವಳ ಗಂಡನನ್ನು. ಠರಾವಿನ ಪುಸ್ತಕ ಸಹಿಗಾಗಿ ಮನೆಗೆ ಬರುತ್ತದೆ. ಚರಂಡಿಯ ಗುತ್ತಿಗೆ ಯಾರಿಗೆ, ಯಾರ ಬಿಲ್ಲು ಮೊದಲು ಪಾಸಾಗಬೇಕು ಎಂಬುದನ್ನು ಅವನೇ ನಿರ್ಧರಿಸುತ್ತಾನೆ. ಪಂಚಾಯಿತಿಯ ಕಾಮಗಾರಿಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಹೊಂದಿದ ಸದಸ್ಯರು ಅನರ್ಹರೆಂದು ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಆದರೆ ಬಂಧುವಿನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ನಾಳೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬಂದರೆ ನೋಟಿಸು ಬರುವುದು ಸಹಿ ಮಾಡಿದವಳ ಹೆಸರಿಗೆ. ಲಾಭ ಅವನದು, ಹೊಣೆ ಅವಳದು!

ಸಣ್ಣ ಕುರ್ಚಿಯ ಸಣ್ಣ ಸಂಗತಿಯೆಂದು ಇದನ್ನು ಕಡೆಗಣಿಸುವಂತಿಲ್ಲ. ರಾಷ್ಟ್ರಾಧ್ಯಕ್ಷರ ಅರಮನೆಯಲ್ಲೂ ರೋಗ ಇದುವೇ. ಟ್ಯುನೀಷಿಯಾದ ಅಧ್ಯಕ್ಷ ಝೈನುಲ್ ಆಬಿದೀನ್ ಬಿನ್ ಅಲಿಯ ಪತ್ನಿ ಲೈಲಾ ಟ್ರಾಬೆಲ್ಸಿಯ ಸಹೋದರರು ಯಾವ ಚುನಾವಣೆಯನ್ನೂ ಗೆದ್ದವರಲ್ಲ. ಆದರೂ ವಿಮಾನ ಸಂಸ್ಥೆಯಿಂದ ಹಿಡಿದು ಬ್ಯಾಂಕಿನವರೆಗೆ ಅವರ ಕೈ ಚಾಚಿತ್ತು. ಅಳಿಯ ಸಖ್ರ್ ಅಲ್ ಮಾತ್ರಿ ಧಾರ್ಮಿಕ ರೇಡಿಯೋ ಕೇಂದ್ರವನ್ನೂ ಇಸ್ಲಾಮೀ ಬ್ಯಾಂಕನ್ನೂ ತೆರೆದ. ಧರ್ಮದ ಹೆಸರೂ ಬಂಧುವಿನ ವ್ಯಾಪಾರಕ್ಕೆ ಬಂಡವಾಳವಾಯಿತು. ಬಿನ್ ಅಲಿ ಕುಟುಂಬದೊಂದಿಗೆ ನಂಟಿದ್ದ 220 ಕಂಪೆನಿಗಳು ಖಾಸಗಿ ವಲಯದ ಒಟ್ಟು ಲಾಭದಲ್ಲಿ ಶೇ. 21ನ್ನು ಬಾಚಿಕೊಂಡಿದ್ದವೆಂದು ವಿಶ್ವಬ್ಯಾಂಕಿನ 2014ರ ಅಧ್ಯಯನ ತಿಳಿಸಿತು. ಅವು ಕೊಟ್ಟ ಉದ್ಯೋಗವಾದರೋ ಶೇ. 1ರ ಆಸುಪಾಸು. 2011ರ ಜನವರಿ 14ರಂದು ಬಿನ್ ಅಲಿ ದೇಶ ಬಿಟ್ಟು ಓಡಬೇಕಾಯಿತು.

ಅಲ್ಲಿ ಅಧ್ಯಕ್ಷನ ಪತ್ನಿಯ ಬಳಗ, ಇಲ್ಲಿ ಅಧ್ಯಕ್ಷೆಯ ಪತಿ. ವ್ಯತ್ಯಾಸ ಗಾತ್ರದ್ದು ಮಾತ್ರ. ಜನರಿಗೆ ಉತ್ತರಿಸಬೇಕಾಗಿಲ್ಲದವನ ಕೈಗೆ ಜನರ ಹಣ ಸೇರುವುದೇ ಎರಡೂ ಕಡೆಯ ಅನ್ಯಾಯ.

ಹ. ಉಮರ್(ರ)ರ ಆಡಳಿತದ ಪ್ರಸಿದ್ಧ ಘಟನೆಯೊಂದಿದೆ. ಮಗ ಅಬ್ದುಲ್ಲಾ ಕೊಂಡಿದ್ದ ಒಂಟೆಗಳು ಸರಕಾರಿ ಹುಲ್ಲುಗಾವಲಿನಲ್ಲಿ ಮೇದು ಕೊಬ್ಬಿದ್ದವು. ಖಲೀಫರ ಮಗನ ಒಂಟೆಗಳೆಂದು ಜನರು ಅವಕ್ಕೆ ಮೊದಲ ಮೇವು, ಮೊದಲ ನೀರು ಕೊಟ್ಟಿರಬೇಕೆಂದು ಅವರು ತರ್ಕಿಸಿದರು. ಒಂಟೆಗಳನ್ನು ಮಾರಿಸಿ, ಅಸಲನ್ನು ಮಗನಿಗೆ ಕೊಟ್ಟು, ಲಾಭವನ್ನು ಬೈತುಲ್‌ಮಾಲ್‌ಗೆ ಸೇರಿಸಿದರು. ಮಗ ಕದ್ದಿರಲಿಲ್ಲ. ತಂದೆಯ ಹೆಸರು ಕೆಲಸ ಮಾಡಿತ್ತು, ಅಷ್ಟೇ. ಅದನ್ನೂ ಅವರು ಸಹಿಸಲಿಲ್ಲ.

2023ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯ ಬಳಿಕ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಸಮಿತಿಯೊಂದನ್ನು ನೇಮಿಸಿತು. ಪತಿಯಂದಿರ ಈ ಪರೋಕ್ಷ ಆಡಳಿತಕ್ಕೆ ಕಠಿಣ ದಂಡ ವಿಧಿಸಬೇಕೆಂದು ಸಮಿತಿ 2025ರಲ್ಲಿ ಶಿಫಾರಸು ಮಾಡಿತು. ದಂಡ ಬೇಕು ನಿಜ. ಆದರೆ ಕಾನೂನು ನಮ್ಮ ಮನೆಯ ಹೊಸ್ತಿಲು ದಾಟಿ ಬರಲಾರದು.

ನಗರಸಭೆ, ಪುರಸಭೆಗಳ ಮೀಸಲು ವಾರ್ಡುಗಳಿಗೆ ನಮ್ಮ ಸಮುದಾಯವೂ ಹೆಣ್ಣುಮಕ್ಕಳನ್ನು ನಿಲ್ಲಿಸುತ್ತಿದೆ. ಗೆದ್ದ ಬಳಿಕ ಅವಳನ್ನು ಸಭೆಗೆ ಕಳುಹಿಸುವ, ಓದಿ ಸಹಿ ಹಾಕಲು ಬಿಡುವ ಧೈರ್ಯ ನಮಗಿದೆಯೇ? ಇಲ್ಲವಾದರೆ ಮತ ಕೇಳುವ ಹಕ್ಕೂ ನಮಗಿಲ್ಲ. ಜನರು ಅಮಾನತನ್ನು ಒಪ್ಪಿಸಿದ್ದು ಅವಳಿಗೆ, ಅವಳ ಮನೆಯ ಗಂಡಸರಿಗಲ್ಲ.