ಡಾಲರ್ ಲೆಕ್ಕ ಸರಿ, ಕೆಲಸದ ಲೆಕ್ಕ?

‘ಬಯೋಟೆಕ್ನಾಲಜಿ ತಗೊಂಡ್ರೆ ಸ್ಕೋಪ್ ಇದೆಯಾ?’ ಪಿಯುಸಿ ಫಲಿತಾಂಶ ಬಂದ ಮೇಲೆ ವಿಜ್ಞಾನ ವಿಭಾಗದ ಹುಡುಗ ಹುಡುಗಿಯರು ತಪ್ಪದೇ ಕೇಳುವ ಪ್ರಶ್ನೆ ಇದು. ಎಂಎಸ್ಸಿ ಬಯೋಟೆಕ್ನಾಲಜಿ ಓದುತ್ತಿರುವ ನನ್ನಂಥವರಿಗೆ ಊರಿನಿಂದ ಇಂಥ ಫೋನ್ ಬರುತ್ತಲೇ ಇರುತ್ತವೆ. ಹೇಳುವುದಕ್ಕೆ ದೊಡ್ಡ ದೊಡ್ಡ ಅಂಕಿಗಳೇನೋ ಇವೆ. ಕೇಂದ್ರ ಸರ್ಕಾರದ ಲೆಕ್ಕದಂತೆ, 2014ರಲ್ಲಿ ಸುಮಾರು 1,000 ಕೋಟಿ ಡಾಲರ್ ಇದ್ದ ದೇಶದ ಜೈವಿಕ ಆರ್ಥಿಕತೆ 2024ರ ಹೊತ್ತಿಗೆ 16,500 ಕೋಟಿ ಡಾಲರ್ ದಾಟಿದೆ. 2030ಕ್ಕೆ 30,000 ಕೋಟಿ ಡಾಲರ್ ತಲುಪುವ ಗುರಿ ಇದೆ. ಹತ್ತು ವರ್ಷಗಳ ಹಿಂದೆ 50ರ ಆಸುಪಾಸಿನಲ್ಲಿದ್ದ ಬಯೋಟೆಕ್ ಸ್ಟಾರ್ಟ್‌ಅಪ್‌ಗಳು ಈಗ 10 ಸಾವಿರ ಮೀರಿವೆ.

ಇಷ್ಟು ಬೆಳೆದ ಉದ್ಯಮದಲ್ಲಿ ಕೆಲಸಕ್ಕೆ ಬರವೇ? ನನ್ನ ಸೀನಿಯರ್‌ಗಳನ್ನು ನೋಡಿದರೆ ಬರವಿದೆ ಎಂದೇ ಅನ್ನಿಸುತ್ತದೆ. ಕೆಲವರು ಮೆಡಿಕಲ್ ಕೋಡಿಂಗ್ ಮಾಡುತ್ತಿದ್ದಾರೆ, ಕೆಲವರು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾರೆ, ಇನ್ನು ಕೆಲವರು ಬಿ.ಇಡಿ ಸೇರಿದ್ದಾರೆ. ಲ್ಯಾಬ್‌ನಲ್ಲಿರುವವರು ಬೆರಳೆಣಿಕೆಯಷ್ಟು. ಕೋಡಿಂಗ್ ಆಗಲಿ, ಬ್ಯಾಂಕ್ ಆಗಲಿ ಕೀಳಲ್ಲ. ಆದರೆ ಐದು ವರ್ಷ ಕಲಿತ ವಿದ್ಯೆ ಅಲ್ಲಿ ಉಪಯೋಗಕ್ಕೆ ಬರುವುದು ಕಡಿಮೆ. ಈ ಅಂತರ ಏಕೆ ಎಂದು ತಿಳಿಯಬೇಕಾದರೆ ಆ ದೊಡ್ಡ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಅಂಕಿಯ ಒಳಗೇನಿದೆ?

ಜೈವಿಕ ಆರ್ಥಿಕತೆ ಎಂದರೆ ಹೊಸ ಔಷಧ ಕಂಡುಹಿಡಿಯುವುದು ಮಾತ್ರವಲ್ಲ. ಲಸಿಕೆ, ಇನ್ಸುಲಿನ್, ಬಿಟಿ ಹತ್ತಿ, ಡಿಟರ್ಜೆಂಟ್‌ಗೆ ಸೇರಿಸುವ ಕಿಣ್ವ, ಕಬ್ಬು ಮತ್ತು ಮೆಕ್ಕೆಜೋಳದಿಂದ ತೆಗೆಯುವ ಎಥೆನಾಲ್ ಎಲ್ಲವೂ ಈ ಲೆಕ್ಕದಲ್ಲಿ ಸೇರಿವೆ. ಒಟ್ಟು ಮೊತ್ತದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬರುವುದು ಎಥೆನಾಲ್, ಕಿಣ್ವಗಳಂಥ ಕೈಗಾರಿಕಾ ವಿಭಾಗದಿಂದ. ಔಷಧ ಮತ್ತು ಲಸಿಕೆಗಳ ಪಾಲು ಮೂರನೇ ಒಂದಕ್ಕಿಂತ ತುಸು ಹೆಚ್ಚು. 2014ರಲ್ಲಿ ಪೆಟ್ರೋಲಿಗೆ ಶೇ 1.5ರಷ್ಟು ಬೆರೆಯುತ್ತಿದ್ದ ಎಥೆನಾಲ್ 2025ರಲ್ಲಿ ಶೇ 20ಕ್ಕೆ ಏರಿತು. ಬೆಲೆಯನ್ನು ಸರ್ಕಾರ ನಿಗದಿ ಮಾಡಿತು, ತೈಲ ಕಂಪನಿಗಳು ಕೊಂಡವು. ಖರೀದಿ ಖಾತ್ರಿಯಾದ ಕಡೆ ಬಂಡವಾಳ ತಾನಾಗಿ ಬಂತು.

ಇದರಲ್ಲಿ ತಪ್ಪೇನಿಲ್ಲ. ಯೀಸ್ಟ್‌ನಿಂದ ಕೆಲಸ ಮಾಡಿಸುವುದೂ ಜೈವಿಕ ತಂತ್ರಜ್ಞಾನವೇ. ಕಬ್ಬಿನ ಬೆಳಗಾವಿ, ಬಾಗಲಕೋಟೆಗೆ, ಮೆಕ್ಕೆಜೋಳದ ದಾವಣಗೆರೆ, ಹಾವೇರಿಗೆ ಇದರಿಂದ ಇನ್ನೊಬ್ಬ ಗಿರಾಕಿ ಸಿಕ್ಕಂತಾಯಿತು. ಆದರೆ ಡಿಸ್ಟಿಲರಿಯ ವಹಿವಾಟು ಎರಡು ಪಟ್ಟಾದರೆ ಅಲ್ಲಿ ಕೆಲಸ ಮಾಡುವ ಬಯೋಟೆಕ್ ಪದವೀಧರರು ಎರಡು ಪಟ್ಟಾಗುವುದಿಲ್ಲ. ಅಲ್ಲಿಗೆ ಬೇಕಾದದ್ದು ಟ್ಯಾಂಕು, ಬಾಯ್ಲರು ಮತ್ತು ಅವನ್ನು ನಡೆಸುವ ಕೆಲವೇ ಜನ. ಡಾಲರ್ ಬೆಳೆದ ವೇಗದಲ್ಲೇ ಲ್ಯಾಬ್ ಕೆಲಸಗಳೂ ಬೆಳೆಯುತ್ತವೆ ಎಂದು ನಂಬಿ ಕೋರ್ಸ್ ಆರಿಸಿಕೊಂಡರೆ ಮೋಸ ಹೋಗುವವರು ನಾವೇ.

ಷೇರುಪೇಟೆ ಹೇಳುವುದು ಅರ್ಧ ಕಥೆ

ಪಪ್ಪಾಯಿಯಿಂದ ಕಿಣ್ವ ತೆಗೆದು ರಫ್ತು ಮಾಡುವ ಪುಟ್ಟ ಕಂಪನಿಯಾಗಿ 1978ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಯೋಕಾನ್, 2004ರಲ್ಲಿ ತಲಾ 315 ರೂಪಾಯಿಗೆ ಷೇರು ಬಿಡುಗಡೆ ಮಾಡಿದಾಗ 30 ಪಟ್ಟಿಗೂ ಹೆಚ್ಚು ಬೇಡಿಕೆ ಬಂದಿತ್ತು. ವಹಿವಾಟಿನ ಮೊದಲ ದಿನವೇ ಕಂಪನಿಯ ಮೌಲ್ಯ 100 ಕೋಟಿ ಡಾಲರ್ ದಾಟಿತು. ರಾಜ್ಯದ ಕಾಲೇಜುಗಳಲ್ಲಿ ಬಯೋಟೆಕ್ ಕೋರ್ಸ್‌ಗಳು ಸಾಲುಸಾಲಾಗಿ ಶುರುವಾದದ್ದೂ ಆ ದಶಕದಲ್ಲೇ.

ಅದೇ ಕಂಪನಿಯ ಷೇರು 2023ರ ಮಾರ್ಚ್ ವೇಳೆಗೆ, 2021ರ ಆರಂಭದಲ್ಲಿದ್ದ ಬೆಲೆಯ ಅರ್ಧಕ್ಕಿಂತ ಕೆಳಗಿಳಿಯಿತು. ನಡುವೆ, 2022ರಲ್ಲಿ, ವಿಯಾಟ್ರಿಸ್ ಕಂಪನಿಯ ಬಯೋಸಿಮಿಲರ್ ವ್ಯವಹಾರವನ್ನು ಅದು ಕೊಂಡುಕೊಂಡಿತ್ತು. ಬಯೋಸಿಮಿಲರ್ ಅಂದರೆ ಪೇಟೆಂಟ್ ಮುಗಿದ ಜೈವಿಕ ಔಷಧಕ್ಕೆ ಸರಿಸಮನಾಗಿ ತಯಾರಿಸುವ ಔಷಧ. 300 ಕೋಟಿ ಡಾಲರ್ ಮೀರಿದ ಆ ಖರೀದಿಯ ಸಾಲ ಹೂಡಿಕೆದಾರರನ್ನು ಚಿಂತೆಗೆ ಹಚ್ಚಿತು. ಹಾಗೆಂದು ಆ ಎರಡು ವರ್ಷಗಳಲ್ಲಿ ಇನ್ಸುಲಿನ್ ಬೇಕಾದವರ ಸಂಖ್ಯೆ ಅರ್ಧವಾಗಿತ್ತೇ? ಖಂಡಿತ ಇಲ್ಲ. ಷೇರಿನ ಬೆಲೆ ಅಳೆಯುವುದು ಲಾಭದ ನಿರೀಕ್ಷೆಯನ್ನು, ಸಮಾಜದ ಅಗತ್ಯವನ್ನಲ್ಲ.

ಇನ್ನೂ ಒಂದು ಮಾತು. ಜಗತ್ತಿನಲ್ಲೇ ಅತಿ ಹೆಚ್ಚು ಡೋಸ್ ಲಸಿಕೆ ತಯಾರಿಸುವ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್, ಕೋವ್ಯಾಕ್ಸಿನ್ ತಯಾರಿಸಿದ ಹೈದರಾಬಾದಿನ ಭಾರತ್ ಬಯೋಟೆಕ್, ಅದೇ ಊರಿನ ಬಯೋಲಾಜಿಕಲ್ ಇ, ಈ ಮೂರೂ ಷೇರುಪೇಟೆಯಲ್ಲಿ ಇಲ್ಲ. ಪೇಟೆಯ ಏರಿಳಿತ ನೋಡಿ ಇಡೀ ಉದ್ಯಮವನ್ನು ಅಳೆಯುವವರಿಗೆ ನಮ್ಮ ದೊಡ್ಡ ಲಸಿಕೆ ಕಂಪನಿಗಳೇ ಕಾಣುವುದಿಲ್ಲ.

ಹೆಮ್ಮೆ ಪಡಬೇಕಾದದ್ದು ಬೇರೆಯೇ ಇದೆ. ಆಮದಾಗುತ್ತಿದ್ದ ಹೆಪಟೈಟಿಸ್ ಬಿ ಲಸಿಕೆ ಬಡವರಿಗೆ ಎಟುಕದಷ್ಟು ದುಬಾರಿಯಾಗಿದ್ದಾಗ, 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು ಇಲ್ಲೇ ತಯಾರಿಸಿ ಬೆಲೆ ಇಳಿಸಿತು. ರಕ್ತದ ಕ್ಯಾನ್ಸರ್‌ಗೆ ರೋಗಿಯದೇ ಟಿ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸಹಯೋಗದಲ್ಲಿ ಬೆಳೆದ ಚಿಕಿತ್ಸೆ ಅದು. ಅಮೆರಿಕದಲ್ಲಿ ಕೋಟಿಗಟ್ಟಲೆ ಬೀಳುವ ಈ ಬಗೆಯ ಚಿಕಿತ್ಸೆ ಇಲ್ಲಿ ಲಕ್ಷಗಳಿಗೆ ಇಳಿದಿದೆ. ಅದೂ ಬಡವರ ಕೈಗೆಟುಕುವ ಮೊತ್ತವಲ್ಲ, ನಿಜ. ಆದರೆ ಒಂದು ವಿದ್ಯಾಸಂಸ್ಥೆಯ ಲ್ಯಾಬ್‌ನಿಂದ ಕಂಪನಿ ಹುಟ್ಟಿ, ಕಂಪನಿಯಿಂದ ಚಿಕಿತ್ಸೆ ಬಂತಲ್ಲ, ನಮಗೆ ಬೇಕಾಗಿರುವುದು ಅಂಥ ಬೆಳವಣಿಗೆ. ಲ್ಯಾಬ್ ಕೆಲಸ ಬಲ್ಲವರಿಗೆ ಬೇಡಿಕೆ ಬರುವುದೂ ಅಲ್ಲಿಯೇ.

ಕೈಗೆ ಕೆಲಸ ಕಲಿಸುವವರು ಯಾರು?

ಅಂಥ ಕೆಲಸಕ್ಕೆ ಬೇಕಾದ ತಯಾರಿ ನಮ್ಮಲ್ಲಿದೆಯೇ? ನಮ್ಮ ಲ್ಯಾಬ್‌ನಲ್ಲಿ ಪಿಸಿಆರ್ ಯಂತ್ರ ಇರುವುದು ಒಂದು. ಮೂವತ್ತು ಜನ ಸುತ್ತ ನಿಂತು ನೋಡುತ್ತೇವೆ, ರೆಕಾರ್ಡ್ ಬರೆಯುತ್ತೇವೆ. ಕಿಟ್ ದುಬಾರಿಯಾದ್ದರಿಂದ ಎಲ್ಲರ ಕೈಗೂ ಕೊಡಲಾಗದ ಕಷ್ಟ ಮೇಷ್ಟ್ರದು. ಕಂಪನಿಗಳು ಕೇಳುವುದೋ, ಕೋಶಗಳನ್ನು ಸೋಂಕು ತಗುಲದಂತೆ ಬೆಳೆಸಲು ಬರುತ್ತದೆಯೇ, ಔಷಧ ತಯಾರಿಕೆಯಲ್ಲಿ ಪ್ರತಿ ಹೆಜ್ಜೆಯನ್ನೂ ಆ ಕ್ಷಣವೇ ದಾಖಲಿಸುವ ಶಿಸ್ತು ಗೊತ್ತೇ ಎಂದು. ಇದು ನೋಡಿ ಕಲಿಯುವ ವಿದ್ಯೆಯಲ್ಲ. ಬೆಂಗಳೂರಿಗೆ ಹೋಗಿ ಪಿಜಿ ಬಾಡಿಗೆ ಕಟ್ಟಿ, ಮೇಲೆ ಇಂಟರ್ನ್‌ಶಿಪ್‌ಗೂ ನಾವೇ ಫೀಸು ಕೊಡುವ ಪರಿಸ್ಥಿತಿ ಇದೆ. ರೈತರ, ಕೂಲಿಕಾರರ ಮನೆಯ ಮಕ್ಕಳು ಈ ಹಂತದಲ್ಲೇ ಹಿಂದೆ ಸರಿಯುತ್ತಾರೆ.

‘ಪದವೀಧರರಿಗೆ ಕೌಶಲವಿಲ್ಲ’ ಎಂಬುದು ಉದ್ಯಮದ ದೂರು. ಅದರಲ್ಲಿ ನಿಜವಿದೆ. 2001ರಲ್ಲೇ ಬಯೋಟೆಕ್ ನೀತಿ ತಂದ ಕರ್ನಾಟಕ, ಮುಂದೆ ಬಯೋಟೆಕ್ ಫಿನಿಷಿಂಗ್ ಸ್ಕೂಲ್ ಯೋಜನೆಯನ್ನೂ ರೂಪಿಸಬೇಕಾಯಿತು. ಪದವಿಯೊಂದೇ ಸಾಲದು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತೆ. ಆದರೆ ಕಲಿಸುವ ಖರ್ಚೆಲ್ಲ ವಿದ್ಯಾರ್ಥಿಯ ತಲೆಗೆ, ಕಲಿತವರ ಲಾಭ ಮಾತ್ರ ಕಂಪನಿಗೆ ಎನ್ನುವುದು ಯಾವ ನ್ಯಾಯ?

ಮೂರು ಬೇಡಿಕೆ

ಮೊದಲನೆಯದು, ಪ್ರತಿವರ್ಷ ಡಾಲರ್ ಅಂಕಿಯ ಜೊತೆಗೆ ಕೆಲಸದ ಅಂಕಿಯನ್ನೂ ಅಷ್ಟೇ ದೊಡ್ಡದಾಗಿ ಪ್ರಕಟಿಸಲಿ. ಎಷ್ಟು ಜನ ಹೊಸಬರು ಸೇರಿದರು, ಯಾವ ವಿಭಾಗಕ್ಕೆ, ಯಾವ ಜಿಲ್ಲೆಯಲ್ಲಿ, ಆರಂಭದ ಸಂಬಳ ಎಷ್ಟು ಎಂಬುದು ತಿಳಿದರೆ ಪಿಯುಸಿ ಮುಗಿಸಿದವರು ಕಣ್ಣುಬಿಟ್ಟು ಕೋರ್ಸ್ ಆರಿಸಬಹುದು.

ಎರಡನೆಯದು, ಸರ್ಕಾರದಿಂದ ಜಾಗ, ತೆರಿಗೆ ರಿಯಾಯಿತಿ, ಅನುದಾನ ಪಡೆಯುವ ಕಂಪನಿಗಳು ಒಂದು ಸೆಮಿಸ್ಟರ್‌ನ ಸ್ಟೈಪೆಂಡ್ ಸಹಿತ ತರಬೇತಿ ಕೊಡುವುದು ಕಡ್ಡಾಯವಾಗಲಿ. ತರಬೇತಿಗೆ ಖರ್ಚಾಗುತ್ತದೆ ಎಂದು ಕಂಪನಿಗಳು ಹೇಳಬಹುದು. ಆ ಖರ್ಚಿನ ಒಂದು ಪಾಲನ್ನು ಸರ್ಕಾರ ಭರಿಸಲಿ.

ಮೂರನೆಯದು, ಜಿಲ್ಲೆಗಳ ವಿಶ್ವವಿದ್ಯಾಲಯಗಳಲ್ಲಿ ಸುತ್ತಲಿನ ಕಾಲೇಜುಗಳೆಲ್ಲ ಹಂಚಿಕೊಂಡು ಬಳಸುವ ಸುಸಜ್ಜಿತ ಲ್ಯಾಬ್‌ಗಳಾಗಲಿ. ಪ್ರತಿ ಕಾಲೇಜಿಗೂ ದುಬಾರಿ ಯಂತ್ರ ಕೊಳ್ಳುವುದು ಕಷ್ಟ, ಹಂಚಿಕೊಳ್ಳುವುದು ಅಷ್ಟು ಕಷ್ಟವಲ್ಲ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನೀತಿಯ ಹೆಸರು ‘ಬಯೋಇ3’. ಅದರ ಮೂರು ‘ಇ’ಗಳು ಎಕಾನಮಿ, ಎನ್ವಿರಾನ್‌ಮೆಂಟ್, ಎಂಪ್ಲಾಯ್‌ಮೆಂಟ್. ಆರ್ಥಿಕತೆ, ಪರಿಸರದ ಜೊತೆಗೆ ಉದ್ಯೋಗವನ್ನೂ ಹೆಸರಿನಲ್ಲೇ ಇಟ್ಟುಕೊಂಡ ನೀತಿ ಅದು. ಮೊದಲ ‘ಇ’ಗೆ 30,000 ಕೋಟಿ ಡಾಲರ್ ಎಂಬ ಗುರಿ ಎಲ್ಲರಿಗೂ ಗೊತ್ತು. ಮೂರನೆಯ ‘ಇ’ಗೂ ಅಷ್ಟೇ ಸ್ಪಷ್ಟವಾದ ಸಂಖ್ಯೆಯೊಂದನ್ನು ಘೋಷಿಸಿ, ವರ್ಷಕ್ಕೊಮ್ಮೆ ಅದರ ಲೆಕ್ಕ ಒಪ್ಪಿಸಬೇಕು ಎಂದು ಕೇಳುವ ಹಕ್ಕು ಈ ವಿಷಯ ಓದುತ್ತಿರುವ ನಮ್ಮೆಲ್ಲರಿಗೂ ಇದೆ.