ಪೇಪರಿನಲ್ಲಿ ಸುತ್ತಿ ಕೊಡುವ ಮಾತ್ರೆಗಳು



ವರಮಹಾಲಕ್ಷ್ಮಿ, ಗೌರಿ ಹಬ್ಬ ಹತ್ತಿರ ಬಂದರೆ ನಮ್ಮೂರಿನ ಮೆಡಿಕಲ್ ಅಂಗಡಿಗಳಲ್ಲಿ ಮುಟ್ಟು ಮುಂದೂಡುವ ಮಾತ್ರೆಗೆ ಎಲ್ಲಿಲ್ಲದ ಬೇಡಿಕೆ. ಕೇಳುವವರು ದನಿ ತಗ್ಗಿಸುತ್ತಾರೆ, ಕೌಂಟರಿನ ಹುಡುಗ ಮರುಮಾತಿಲ್ಲದೆ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ತುರ್ತು ಗರ್ಭನಿರೋಧಕಕ್ಕೂ ಅದೇ ಪೇಪರು, ದಿನನಿತ್ಯದ ಗರ್ಭನಿರೋಧಕ ಮಾತ್ರೆಗೂ ಅದೇ. ಮೂರೂ ಒಂದೇ ಜಾತಿಯವು ಎಂದು ನಂಬಿದ ಹೆಂಗಸರನ್ನು ಆರೋಗ್ಯ ಸಹಾಯಕಿಯಾಗಿದ್ದಾಗಲೂ ಕಂಡಿದ್ದೇನೆ, ನಿವೃತ್ತಿಯಾದ ಮೇಲೂ ಕಾಣುತ್ತಿದ್ದೇನೆ. ಏನೂ ಹೇಳದೆ ಮಾರುವ ಈ ಪದ್ಧತಿಗೆ ನನ್ನ ತಕರಾರಿದೆ.

ಮುಟ್ಟು ಮುಂದೂಡಲು ಕೊಡುವುದು ಸಾಮಾನ್ಯವಾಗಿ ನೊರೆಥಿಸ್ಟೆರೋನ್, ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಮಾತ್ರೆ. ಹಬ್ಬಕ್ಕೆಂದು ನಾಲ್ಕು ದಿನ ನುಂಗಿದರೆ ಗರ್ಭವೂ ನಿಲ್ಲುವುದಿಲ್ಲ ಎಂದುಕೊಳ್ಳುವುದು ತಪ್ಪು. ತುರ್ತು ಮಾತ್ರೆಯನ್ನು ಕೂಡಿದ 72 ಗಂಟೆಯೊಳಗೆ, ಆದಷ್ಟು ಬೇಗ ತೆಗೆದುಕೊಳ್ಳಬೇಕು. ಅದು ಅಂಡ ಹೊರಬರುವುದನ್ನು ತಡ ಮಾಡುತ್ತದೆ, ನಿಂತ ಗರ್ಭವನ್ನು ತೆಗೆಯುವುದಿಲ್ಲ, ಮುಂದಿನ ದಿನಗಳಿಗೆ ರಕ್ಷಣೆಯನ್ನೂ ಕೊಡುವುದಿಲ್ಲ.

ದಿನನಿತ್ಯದ ಮಾತ್ರೆಯ ಕೆಲಸವೇ ಬೇರೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ತಿಂಗಳು ತಿಂಗಳು ಸೂಚನೆ ಕಳಿಸುತ್ತದೆ. ಮಾತ್ರೆಯಲ್ಲಿನ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನು ಆ ಸೂಚನೆಯನ್ನು ತಡೆಯುತ್ತವೆ, ಅಂಡ ಬಿಡುಗಡೆಯಾಗುವುದಿಲ್ಲ. ಗರ್ಭಕೋಶದ ಬಾಯಲ್ಲಿನ ಲೋಳೆಯೂ ಗಟ್ಟಿಯಾಗಿ ವೀರ್ಯಾಣುವಿಗೆ ದಾರಿ ಸಿಗದು. ಇದೆಲ್ಲ ದಿನವೂ ನುಂಗಿದರೆ ಮಾತ್ರ. ಬೆಂಗಳೂರಿಗೆ ದುಡಿಯಲು ಹೋದ ಗಂಡ ಊರಿಗೆ ಬಂದ ದಿನಗಳಲ್ಲಷ್ಟೇ ನುಂಗಿ ಬಸಿರಾದವರಿಗೆ ನಾವು ಬೈದಿದ್ದೇವೆಯೇ ಹೊರತು ಮೊದಲೇ ಹೇಳಿಕೊಟ್ಟಿರಲಿಲ್ಲ.

ಸರ್ಕಾರ ಪುಕ್ಕಟೆ ಕೊಡುವ ಮಾಲಾ-ಎನ್ ಪಟ್ಟಿಯನ್ನೇ ನೋಡಿ. 28 ಮಾತ್ರೆಗಳಲ್ಲಿ 21 ಹಾರ್ಮೋನಿನವು, ಬೇರೆ ಬಣ್ಣದ ಏಳು ಬರೀ ಕಬ್ಬಿಣಾಂಶದವು. ಆ ಏಳು ದಿನಗಳಲ್ಲಿ ಸ್ರಾವವಾಗುತ್ತದೆ. "ಮುಟ್ಟಾಯಿತಲ್ಲ, ನಿಂತ ಮೇಲೆ ನೋಡೋಣ" ಎಂದು ಪಟ್ಟಿಯನ್ನು ಬದಿಗಿಟ್ಟು ಹೊಸದನ್ನು ಮೂರು ನಾಲ್ಕು ದಿನ ತಡವಾಗಿ ಶುರು ಮಾಡುವವರೇ ಹೆಚ್ಚು. ಅಂಡ ತಪ್ಪಿಸಿಕೊಳ್ಳುವುದು ಆ ಸಂದಿನಲ್ಲೇ. ಒಂದು ಮರೆತರೆ ನೆನಪಾದ ಕೂಡಲೇ ನುಂಗಿದರಾಯಿತು. ಎರಡು ಅಥವಾ ಹೆಚ್ಚು ಮರೆತರೆ ಮಾತ್ರೆ ಮುಂದುವರಿಸುತ್ತಲೇ ಏಳು ದಿನ ನಿರೋಧ್ ಕೂಡ ಬೇಕು.

ಬಿಪಿ, ಕಣ್ಣು ಮಂಜಾಗಿಸಿ ಬರುವ ಅರೆತಲೆನೋವು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ, ಆರು ತಿಂಗಳೊಳಗಿನ ಕೂಸಿಗೆ ಹಾಲೂಡುವವರಿಗೆ ಈ ಮಾತ್ರೆ ಹಿಡಿಸದು. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ನ ಕೆಲವು ಮಾತ್ರೆಗಳು ಇದರ ಶಕ್ತಿಯನ್ನೇ ಕುಂದಿಸುತ್ತವೆ. ಟಿಬಿ ಮಾತ್ರೆ ಮನೆಬಾಗಿಲಿಗೆ ತಲುಪಿಸುವ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಮಾಲಾ-ಎನ್ ಕೂಡ ಇರುತ್ತದೆ. ಎರಡನ್ನೂ ಒಬ್ಬಳೇ ನುಂಗುತ್ತಿದ್ದಾಳೆಯೇ ಎಂದು ಕೇಳಲು ಎಷ್ಟು ಹೊತ್ತು ಬೇಕು?

1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಹೊರಟ ಮೈಸೂರು ಸಂಸ್ಥಾನದ ವಾರಸುದಾರರು ನಾವು. ಈಗ ಆಪರೇಷನ್ ಬಿಟ್ಟರೆ ಬೇರೆ ಮಾತೇ ಇಲ್ಲ, ಅದೂ ಹೆಂಗಸರಿಗೇ.

ಮಾರಾಟ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ, ಹಾಗೆ ಮಾಡಿದರೆ ಹೆಂಗಸರಿಗೇ ತೊಂದರೆ. ಪ್ರತಿ ಪಟ್ಟಿಯ ಜೊತೆ ದೊಡ್ಡ ಅಕ್ಷರದ ಕನ್ನಡ ಚೀಟಿ ಬರಲಿ. ಬಿಪಿ ಇದೆಯಾ, ಹಾಲೂಡುತ್ತಿದ್ದೀರಾ, ಬೇರೆ ಮಾತ್ರೆ ನಡೆಯುತ್ತಿದೆಯಾ ಎಂದು ಫಾರ್ಮಾಸಿಸ್ಟ್ ಖುದ್ದಾಗಿ ಕೇಳಲಿ. ಹಬ್ಬದ ಹಿಂದಿನ ವಾರ ಔಷಧ ನಿಯಂತ್ರಣ ಇಲಾಖೆಯವರು ಒಮ್ಮೆ ಅಂಗಡಿಗಳ ಬಿಲ್ ಪುಸ್ತಕ ತೆಗೆಸಿ, ನೊರೆಥಿಸ್ಟೆರೋನ್ ಎಷ್ಟು ಹೋಗಿದೆ, ವೈದ್ಯರ ಚೀಟಿ ಎಷ್ಟು ಬಂದಿವೆ ಎಂದು ತಾಳೆ ನೋಡಲಿ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ, ಅರಸೀಕೆರೆ